ಗಂಟುಗಳಿಗೂ ಕ್ವಾಂಟಮ್ ಗ್ರಾವಿಟಿಗೂ ನಿಜವಾದ ನಂಟು ಎಷ್ಟು?

ನೀಲಿಹಕ್ಕಿ:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಭೌತಶಾಸ್ತ್ರ ಓದುತ್ತಿದ್ದೇನೆ. ನಾಟ್ ಥಿಯರಿ, ಅಂದರೆ ಗಂಟುಗಳ ಗಣಿತದ ಬಗ್ಗೆ ಓದಲು ಕೂತಾಗಲೆಲ್ಲ ಎರಡು ಮಾತು ಎದುರಾಗುತ್ತವೆ. ಒಂದು, ಗಂಟುಗಳನ್ನು ಗುರುತಿಸುವ ಜೋನ್ಸ್ ಬಹುಪದೋಕ್ತಿ ಒಂದು ಕ್ವಾಂಟಮ್ ಫೀಲ್ಡ್ ಥಿಯರಿಯಿಂದ ಹುಟ್ಟುತ್ತದೆ. ಇನ್ನೊಂದು, ಗುರುತ್ವದ ಕ್ವಾಂಟಮ್ ಸ್ಥಿತಿಗಳೇ ಗಂಟುಗಳು. ಮೊದಲನೆಯದನ್ನು ಗಣಿತ ಅಂತ ಒಪ್ಪಬಹುದು. ಎರಡನೆಯದನ್ನು ಎಷ್ಟು ನಂಬಬೇಕು? ಗಂಟಿಗೂ ಐನ್‌ಸ್ಟೈನ್ ಸಮೀಕರಣಕ್ಕೂ ಏನು ಸಂಬಂಧ? ಗೊತ್ತಿರುವವರು ಬಿಡಿಸಿ ಹೇಳಿ, ಸೂತ್ರ ಬಂದರೂ ಪರವಾಗಿಲ್ಲ.

ಎಳೆಗಾರ:

ಒಳ್ಳೆಯ ಪ್ರಶ್ನೆ. ಎರಡೂ ಮಾತನ್ನು ಬೇರೆ ಬೇರೆಯಾಗಿ ತೂಗಬೇಕು, ಯಾಕಂದ್ರೆ ಎರಡೂ ಒಂದೇ ಸಮ ಗಟ್ಟಿ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೂರು ಆಯಾಮದಲ್ಲಿ, ಅಂದರೆ ಜಾಗಕ್ಕೆ 2 ಮತ್ತು ಕಾಲಕ್ಕೆ 1 ಇದ್ದಾಗ, ಗಂಟು, ಕ್ವಾಂಟಮ್, ಗುರುತ್ವ ಮೂರೂ ಹೆಚ್ಚುಕಡಿಮೆ ಒಂದೇ ಲೆಕ್ಕ. ನಾವಿರುವ ನಾಲ್ಕು ಆಯಾಮಕ್ಕೆ ಬಂದಾಗ ಆ ಲೆಕ್ಕದ ಒಂದು ಪಾಲು ಮಾತ್ರ ಜೊತೆಗೆ ಬರುತ್ತದೆ. ಯಾವ ಪಾಲು ಬರುತ್ತದೆ, ಯಾವುದು ಹಿಂದೆಯೇ ಉಳಿಯುತ್ತದೆ ಅನ್ನೋದೇ ಇಲ್ಲಿ ಮುಖ್ಯ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ. ಗಣಿತದಲ್ಲಿ ಗಂಟು ಅಂದರೆ ಎರಡು ತುದಿ ಕೂಡಿಸಿದ ಎಳೆ. ಎಳೆಯನ್ನು ಕತ್ತರಿಸದೆ, ಅದರ ಮೂಲಕ ಅದನ್ನೇ ತೂರಿಸದೆ ಒಂದನ್ನು ಇನ್ನೊಂದಾಗಿ ಮಾಡಲು ಬಂದರೆ ಎರಡೂ ಒಂದೇ ಗಂಟು. 1867ರಲ್ಲಿ ಕೆಲ್ವಿನ್ ಪರಮಾಣುಗಳೇ ಈಥರಿನಲ್ಲಿ ಗಂಟು ಬಿದ್ದ ಸುಳಿಗಳು ಅಂತ ಹೇಳಿದರು. ಆ ಮಾತು ನಿಲ್ಲಲಿಲ್ಲ. ಆದರೆ ಅದರ ಬೆನ್ನು ಹಿಡಿದು ಟೇಟ್ ಶುರುಮಾಡಿದ ಗಂಟುಗಳ ಪಟ್ಟಿ ಉಳಿಯಿತು. 1927ರಲ್ಲಿ ರೈಡಮೈಸ್ಟರ್, ಕಾಗದದ ಮೇಲೆ ಬರೆದ ಗಂಟಿನ ಚಿತ್ರವನ್ನು ಬದಲಿಸಲು ಮೂರೇ ಬಗೆಯ ಚಲನೆ ಸಾಕು ಅಂತ ತೋರಿಸಿದರು. ಅಲ್ಲಿಂದ ಆಟ ಸ್ಪಷ್ಟವಾಯಿತು: ಆ ಮೂರು ಚಲನೆಗೂ ಬದಲಾಗದ ಒಂದು ಬೆಲೆಯನ್ನು ಗಂಟಿಗೆ ಕೊಡಬೇಕು. ಇದನ್ನು ಇನ್ವೇರಿಯಂಟ್ ಅನ್ನುತ್ತಾರೆ.

1984ರಲ್ಲಿ ವಾನ್ ಜೋನ್ಸ್ ಕಂಡ ಬಹುಪದೋಕ್ತಿ ಅಂಥ ಒಂದು ಬೆಲೆ. ಅವರು ಗಂಟು ಹುಡುಕಿಕೊಂಡು ಹೋದವರಲ್ಲ, ಫಾನ್ ನಾಯ್ಮನ್ ಆಲ್ಜೀಬ್ರಾಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಬಹುಪದೋಕ್ತಿ ಮೂರು ಕ್ರಾಸಿಂಗ್‌ನ (ಎಳೆ ಎಳೆಯನ್ನು ದಾಟುವ ಜಾಗ) ಬಲಗೈ ಟ್ರೆಫಾಯಿಲ್ ಗಂಟನ್ನೂ ಅದರ ಕನ್ನಡಿ ಬಿಂಬವನ್ನೂ ಬೇರೆ ಬೇರೆ ಅಂತ ಗುರುತಿಸುತ್ತದೆ. ಅದಕ್ಕೂ ಮೊದಲಿನ ಅಲೆಕ್ಸಾಂಡರ್ ಬಹುಪದೋಕ್ತಿಗೆ ಅದು ಆಗುತ್ತಿರಲಿಲ್ಲ. ಆದರೆ ಒಂದು ಮುಳ್ಳು ಉಳಿದಿತ್ತು. ಗಂಟು ಇರುವುದು ಮೂರು ಆಯಾಮದಲ್ಲಿ. ಜೋನ್ಸ್ ಲೆಕ್ಕ ನಡೆಯುವುದು ಕಾಗದದ ಮೇಲಿನ ಚಪ್ಪಟೆ ಚಿತ್ರದಲ್ಲಿ. ಚಿತ್ರದ ನೆರವಿಲ್ಲದೆ, ನೇರವಾಗಿ ಮೂರು ಆಯಾಮದಲ್ಲೇ ಈ ಬಹುಪದೋಕ್ತಿಗೆ ಅರ್ಥ ಏನು? ಮೈಕೆಲ್ ಅಟಿಯಾ ಇದನ್ನು ಸವಾಲಾಗಿಯೇ ಮುಂದಿಟ್ಟರು. 1989ರಲ್ಲಿ ಎಡ್ವರ್ಡ್ ವಿಟನ್ ಉತ್ತರ ಪ್ರಕಟಿಸಿದರು. ಮರುವರ್ಷ ಜೋನ್ಸ್, ವಿಟನ್ ಇಬ್ಬರಿಗೂ ಫೀಲ್ಡ್ಸ್ ಪದಕ ಬಂತು.

ವಿಟನ್ ಉತ್ತರ ಹೀಗಿದೆ. ಜಾಗದ ತುಂಬ ಒಂದು ಗೇಜ್ ಫೀಲ್ಡ್ ಇದೆ ಅಂದುಕೊಳ್ಳಿ, ಅಂದರೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ವೆಕ್ಟರನ್ನು ಒಯ್ದರೆ ಅದು ಹೇಗೆ ತಿರುಗುತ್ತದೆ ಅಂತ ಹೇಳುವ ಫೀಲ್ಡ್. ಅದರ ನಡವಳಿಕೆಯನ್ನು ಚೆರ್ನ್–ಸೈಮನ್ಸ್ ಆಕ್ಷನ್ ನಿರ್ಧರಿಸುತ್ತದೆ. ಈ ಆಕ್ಷನ್‌ನಲ್ಲಿ ಮೆಟ್ರಿಕ್ ಇಲ್ಲ, ಅಂದರೆ ಅದನ್ನು ಬರೆಯಲು ಉದ್ದ, ಕೋನ, ದೂರ ಯಾವುದೂ ಬೇಕಾಗಿಲ್ಲ. ಈಗ ಗಂಟಿನ ಗುಂಟ ಒಂದು ಸ್ಪಿನ್ ಅರ್ಧದ ವೆಕ್ಟರನ್ನು ಒಂದು ಸುತ್ತು ಒಯ್ದು ವಾಪಸ್ ತಂದರೆ ಅದು ಎಷ್ಟು ತಿರುಗಿರುತ್ತದೆ ಅಂತ ಅಳೆಯಿರಿ. ಇದು ವಿಲ್ಸನ್ ಲೂಪ್. ಸಾಧ್ಯವಿರುವ ಎಲ್ಲ ಫೀಲ್ಡ್‌ಗಳ ಮೇಲೆ ಇದರ ಕ್ವಾಂಟಮ್ ಸರಾಸರಿ ತೆಗೆಯಿರಿ. ಎಲ್ಲೂ ಅಳತೆಗೋಲು ಬಳಸಿಲ್ಲ, ಹಾಗಾಗಿ ಗಂಟನ್ನು ಎಳೆದರೂ ಸೊಟ್ಟ ಮಾಡಿದರೂ ಉತ್ತರ ಬದಲಾಗಲು ಕಾರಣವೇ ಇಲ್ಲ. ಆ ತಿರುಗುವಿಕೆಗಳ ಗುಂಪು, ಅಂದರೆ ಗೇಜ್ ಗುಂಪು, ಎಸ್‌ಯು(2) ಆದರೆ ಸಿಗುವ ಉತ್ತರ ಜೋನ್ಸ್ ಬಹುಪದೋಕ್ತಿಯೇ. ಅದರ ಚರಾಕ್ಷರ ಟಿ ಇರುವ ಕಡೆ ಯೂನಿಟ್ ವೃತ್ತದ ಮೇಲಿನ ಒಂದು ಸಂಖ್ಯೆ ಬರುತ್ತದೆ, ಅದರ ಕೋನ 2π/(ಕೆ+2). ಇಲ್ಲಿ ಕೆ ಒಂದು ಪೂರ್ಣಾಂಕ, ಆಕ್ಷನ್‌ನ ಮುಂದಿರುವ ಗುಣಕ.

ಎರಡು ಎಚ್ಚರಿಕೆ. ಎಲ್ಲ ಫೀಲ್ಡ್‌ಗಳ ಮೇಲಿನ ಮೊತ್ತಕ್ಕೆ ಗಣಿತದಲ್ಲಿ ಗಟ್ಟಿ ವ್ಯಾಖ್ಯೆ ಇಲ್ಲ. ಅದೇ ಉತ್ತರವನ್ನು ಕ್ವಾಂಟಮ್ ಗ್ರೂಪ್‌ಗಳ (ಎಸ್‌ಯು(2)ನಂಥ ಗುಂಪುಗಳ ತುಸು ಬದಲಿಸಿದ ರೂಪ) ದಾರಿಯಿಂದ ಕಟ್ಟುನಿಟ್ಟಾಗಿ ಕಟ್ಟಿದವರು ರೆಶೆತಿಖಿನ್ ಮತ್ತು ತುರಾಯೆವ್, 1991ರಲ್ಲಿ. ಎರಡನೆಯದು, ಅಳತೆಗೋಲು ಪೂರ್ತಿ ಮಾಯವಾಗುವುದಿಲ್ಲ. ಎಳೆಯನ್ನು ಸಣ್ಣ ಪಟ್ಟಿ ಅಂತ ತೆಗೆದುಕೊಂಡು ಆ ಪಟ್ಟಿ ಎಷ್ಟು ಸಲ ತಿರುಚಿದೆ ಅಂತ ಹೇಳಬೇಕಾಗುತ್ತದೆ. ಇದು ಫ್ರೇಮಿಂಗ್. ಸಣ್ಣ ವಿಷಯ ಅನ್ನಿಸಿದರೂ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಮಳೆಬಿಲ್ಲು:

ಇಷ್ಟು ದೊಡ್ಡ ಮಾತಿನ ನಡುವೆ ಒಂದು ಲೆಕ್ಕ ಮಾಡಿ ನೋಡೋಣ, ಇಲ್ಲದಿದ್ರೆ ಈ ಬಹುಪದೋಕ್ತಿ ಎಲ್ಲಿಂದ ಬರುತ್ತದೆ ಅಂತ ಕೈಗೆ ಸಿಗುವುದಿಲ್ಲ. ಬೇಕಾಗಿರುವುದು ಒಂದೇ ನಿಯಮ, ಸ್ಕೀನ್ ಸಂಬಂಧ. ಚಿತ್ರದಲ್ಲಿ ಯಾವುದಾದರೂ ಒಂದು ಕ್ರಾಸಿಂಗ್ ಹಿಡಿಯಿರಿ. ಅದು ಧನ ಇರಬಹುದು, ಮೇಲಿನ ಎಳೆಯನ್ನು ಕೆಳಗೆ ಮಾಡಿದರೆ ಋಣ ಆಗುತ್ತದೆ, ಅಥವಾ ಎರಡೂ ಎಳೆ ದಾಟದ ಹಾಗೆ ಬಿಡಿಸಿಬಿಡಬಹುದು. ಮೂರು ಚಿತ್ರಗಳ ಬೆಲೆ ಹೀಗೆ ಸೇರುತ್ತದೆ:

(1/ಟಿ) × ಧನ − ಟಿ × ಋಣ = (√ಟಿ − 1/√ಟಿ) × ಬಿಡಿ

ಜೊತೆಗೆ ಗಂಟಿಲ್ಲದ ಸಾದಾ ಉಂಗುರದ ಬೆಲೆ 1.

ಮೊದಲು ಒಂದಕ್ಕೊಂದು ಸಿಕ್ಕಿಕೊಳ್ಳದ ಎರಡು ಉಂಗುರ. ಉಂಗುರವನ್ನು ಒಂದು ಸಲ ತಿರುಚಿದರೆ ಧನವೂ ಉಂಗುರವೇ, ಋಣವೂ ಉಂಗುರವೇ, ಬಿಡಿಸಿದರೆ ಎರಡು ಉಂಗುರ. ಹಾಗಾಗಿ ಎರಡು ಉಂಗುರದ ಬೆಲೆ −(√ಟಿ + 1/√ಟಿ).

ಈಗ ಒಂದಕ್ಕೊಂದು ಸಿಕ್ಕಿಕೊಂಡ ಎರಡು ಉಂಗುರ, ಎರಡೂ ಕ್ರಾಸಿಂಗ್ ಧನ. ಒಂದನ್ನು ಋಣ ಮಾಡಿದರೆ ಉಂಗುರಗಳು ಕಳಚಿಕೊಳ್ಳುತ್ತವೆ, ಬಿಡಿಸಿದರೆ ಒಂದೇ ಉಂಗುರ. ನಿಯಮಕ್ಕೆ ಹಾಕಿದರೆ ಸಿಗುವುದು −√ಟಿ − ಟಿ²√ಟಿ.

ಕೊನೆಗೆ ಟ್ರೆಫಾಯಿಲ್. ಮೂರು ಕ್ರಾಸಿಂಗ್, ಮೂರೂ ಧನ. ಒಂದನ್ನು ಋಣ ಮಾಡಿದರೆ ಗಂಟು ಬಿಚ್ಚಿಹೋಗಿ ಸಾದಾ ಉಂಗುರ, ಬಿಡಿಸಿದರೆ ಆಗಲೇ ಲೆಕ್ಕ ಹಾಕಿದ ಸಿಕ್ಕಿಕೊಂಡ ಜೋಡಿ. ಉತ್ತರ: ಟಿ + ಟಿ³ − ಟಿ⁴. ಕನ್ನಡಿ ಬಿಂಬಕ್ಕೆ ಟಿ ಇರುವ ಕಡೆ 1/ಟಿ ಬರುತ್ತದೆ. ಎರಡೂ ಬೇರೆ, ಹಾಗಾಗಿ ಬಲಗೈ ಟ್ರೆಫಾಯಿಲನ್ನು ಎಷ್ಟು ತಿಣುಕಿದರೂ ಎಡಗೈ ಮಾಡಲು ಆಗುವುದಿಲ್ಲ. ಅರ್ಧ ಪುಟದ ಲೆಕ್ಕದಲ್ಲಿ ಸಿಕ್ಕ ಪ್ರಮೇಯ ಇದು!

@ಎಳೆಗಾರ, ನನಗೆ ಅರ್ಥವಾಗದ್ದು ಒಂದೇ. ಈ ಸ್ಕೀನ್ ನಿಯಮ ಆಕಾಶದಿಂದ ಬಿದ್ದ ಹಾಗಿದೆ. ವಿಟನ್ ದಾರಿಯಲ್ಲಿ ಇದು ಎಲ್ಲಿಂದ ಬರುತ್ತದೆ?

ಎಳೆಗಾರ:

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಜಾಗಕ್ಕೆ ಬಂದಿರಿ.

ಅಟಿಯಾ 1988ರಲ್ಲಿ ಟೋಪೋಲಾಜಿಕಲ್ ಕ್ವಾಂಟಮ್ ಫೀಲ್ಡ್ ಥಿಯರಿಗೆ ಕೆಲವು ನಿಯಮ ಬರೆದರು. ಸಾರ ಇಷ್ಟು. ಪ್ರತಿ ಮುಚ್ಚಿದ ಮೇಲ್ಮೈಗೆ ಒಂದು ವೆಕ್ಟರ್ ಸ್ಪೇಸ್ ಕೊಡಬೇಕು. ಆ ಮೇಲ್ಮೈ ಅಂಚಾಗಿರುವ ಮೂರು ಆಯಾಮದ ಜಾಗಕ್ಕೆ ಆ ಸ್ಪೇಸಿನ ಒಳಗಿನ ಒಂದು ವೆಕ್ಟರ್ ಕೊಡಬೇಕು. ಎರಡು ಜಾಗಗಳನ್ನು ಅಂಚಿಗೆ ಅಂಚು ಅಂಟಿಸಿದರೆ ಅವುಗಳ ವೆಕ್ಟರ್‌ಗಳ ಒಳಗುಣಲಬ್ಧ ತೆಗೆಯಬೇಕು, ಒಂದು ಸಂಖ್ಯೆ ಬರುತ್ತದೆ. ಹಾಗಾಗಿ ದೊಡ್ಡ ಲೆಕ್ಕವನ್ನು ಕತ್ತರಿಸಿ ಸಣ್ಣ ಸಣ್ಣ ತುಂಡಿನಲ್ಲಿ ಮಾಡಬಹುದು.

ಈಗ ಗಂಟಿನ ಒಂದು ಕ್ರಾಸಿಂಗ್ ಸುತ್ತ ಒಂದು ಸಣ್ಣ ಗೋಳ ಬರೆಯಿರಿ. ಗೋಳದ ಮೇಲ್ಮೈಯನ್ನು ಎಳೆಗಳು ನಾಲ್ಕು ಕಡೆ ಚುಚ್ಚುತ್ತವೆ. ನಾಲ್ಕು ಚುಚ್ಚು ಇರುವ ಆ ಗೋಳಕ್ಕೆ ಚೆರ್ನ್–ಸೈಮನ್ಸ್ ಥಿಯರಿ ಕೊಡುವ ವೆಕ್ಟರ್ ಸ್ಪೇಸ್ ಎಷ್ಟು ದೊಡ್ಡದು? ನಾಲ್ಕು ಸ್ಪಿನ್ ಅರ್ಧಗಳನ್ನು ಸೇರಿಸಿ ಒಟ್ಟು ಸ್ಪಿನ್ ಸೊನ್ನೆ ಮಾಡುವ ದಾರಿಗಳು ಎಷ್ಟೋ ಅಷ್ಟು. ನೀಲಿಹಕ್ಕಿ ಅವರೇ, ಇದು ನಿಮ್ಮ ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠದಲ್ಲೇ ಬರುವ ಲೆಕ್ಕ. ಉತ್ತರ 2 (ಕೆ ಬೆಲೆ 1ಕ್ಕಿಂತ ಜಾಸ್ತಿ ಇದ್ದಾಗ). ಗೋಳದ ಒಳಗೆ ಎಳೆಗಳನ್ನು ಧನವಾಗಿ ದಾಟಿಸಿದರೆ ಒಂದು ವೆಕ್ಟರ್, ಋಣವಾಗಿ ದಾಟಿಸಿದರೆ ಇನ್ನೊಂದು, ಬಿಡಿಸಿದರೆ ಮತ್ತೊಂದು. ಎರಡು ಆಯಾಮದ ಸ್ಪೇಸಿನಲ್ಲಿ ಮೂರು ವೆಕ್ಟರ್! ಅವುಗಳ ನಡುವೆ ಒಂದು ರೇಖೀಯ ಸಂಬಂಧ ಇರಲೇಬೇಕು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಆ ಸಂಬಂಧವೇ ಸ್ಕೀನ್ ನಿಯಮ. ಗುಣಕಗಳು ಕೆ ಮೇಲೆ ಅವಲಂಬಿಸಿವೆ, ಅಷ್ಟೇ.

ಕೈಯಲ್ಲಿ ಗಂಟಿನ ಚಿತ್ರ ಹಿಡಿದು ಮಾಡುವ ಲೆಕ್ಕವೂ ಸ್ಪಿನ್‌ಗಳನ್ನು ಕೂಡಿಸುವ ಲೆಕ್ಕವೂ ಒಂದೇ ಅಂತ ಮೊದಲ ಸಲ ಕಂಡಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನೀಲಿಹಕ್ಕಿ:

ನಾಲ್ಕು ಸ್ಪಿನ್ ಕೂಡಿಸುವ ಲೆಕ್ಕ ಮಾಡಿ ನೋಡಿದೆ, 2 ಬಂತು. ತುಂಬ ಥ್ಯಾಂಕ್ಸ್. ಆದರೆ ಒಂದು ಗೊಂದಲ. ಮೇಲ್ಮೈಗೆ ಸ್ವಲ್ಪ ದಪ್ಪ ಕೊಟ್ಟು ಸಿಲಿಂಡರ್ ಮಾಡಿದರೆ ಈ ಥಿಯರಿ ಐಡೆಂಟಿಟಿ ಮ್ಯಾಟ್ರಿಕ್ಸ್ ಕೊಡುತ್ತದೆ ಅಂತ ಓದಿದೆ. ಅಂದರೆ ಕಾಲ ಎಷ್ಟು ಸರಿದರೂ ಏನೂ ಆಗುವುದಿಲ್ಲ, ಕಾಲದ ಜೊತೆ ಸ್ಥಿತಿಯನ್ನು ಬದಲಿಸುವ ಹ್ಯಾಮಿಲ್ಟೋನಿಯನ್ ಸೊನ್ನೆ. ಇದು ಭೌತಶಾಸ್ತ್ರ ಹೇಗಾದೀತು?

ಹೊಸಹಾದಿ:

ಇದಕ್ಕೆ ನಾನು ಉತ್ತರಿಸುತ್ತೇನೆ, ಗುರುತ್ವದ ಕಡೆಯಿಂದ ಬಂದವನು.

ಹ್ಯಾಮಿಲ್ಟೋನಿಯನ್ ಸೊನ್ನೆ ಅನ್ನೋದು ಇಲ್ಲಿ ಕೊರತೆ ಅಲ್ಲ, ಗುರುತ್ವದ ಜೊತೆಗಿನ ಮೊದಲ ನಂಟೇ ಅದು. ಸಾಮಾನ್ಯ ಸಾಪೇಕ್ಷತೆಯಲ್ಲಿ ಹೊರಗೆ ನಿಂತು ಟಿಕ್ ಟಿಕ್ ಅನ್ನುವ ಗಡಿಯಾರ ಇಲ್ಲ. ಕಾಲದ ಗುರುತುಗಳನ್ನು ನಮಗೆ ಬೇಕಾದ ಹಾಗೆ ಬದಲಿಸಬಹುದು. ಅದನ್ನು ಕ್ವಾಂಟಮ್ ಮಾಡಲು ಹೋದಾಗ ಸಿಗುವ ವೀಲರ್–ಡೆವಿಟ್ ಸಮೀಕರಣವೂ ಹ್ಯಾಮಿಲ್ಟೋನಿಯನ್ ಸ್ಥಿತಿಯ ಮೇಲೆ ಕೆಲಸ ಮಾಡಿದರೆ ಸೊನ್ನೆ ಅಂತಲೇ ಹೇಳುತ್ತದೆ. ಮೊದಲೇ ಹಾಸಿಟ್ಟ ಜಾಗ ಮತ್ತು ಕಾಲ ಇಲ್ಲದೆ ಒಂದು ಕ್ವಾಂಟಮ್ ಥಿಯರಿ ಹೇಗಿರಬೇಕು ಅನ್ನುವ ಪ್ರಶ್ನೆಗೆ, ಪೂರ್ತಿ ಲೆಕ್ಕ ಮಾಡಿ ತೋರಿಸಬಹುದಾದ ಉದಾಹರಣೆಗಳಲ್ಲಿ ಟೋಪೋಲಾಜಿಕಲ್ ಥಿಯರಿಗಳೇ ಮುಂದೆ ನಿಲ್ಲುತ್ತವೆ. ಗುರುತ್ವದವರು ಗಂಟುಗಳ ಹಿಂದೆ ಬಿದ್ದಿದ್ದು ಇದೇ ಕಾರಣಕ್ಕೆ.

ಈಗ ಆಯಾಮದ ಲೆಕ್ಕ. ವಕ್ರತೆಯನ್ನು ಪೂರ್ತಿ ಹೇಳುವುದು ರೀಮಾನ್ ಟೆನ್ಸರ್. ಐನ್‌ಸ್ಟೈನ್ ಸಮೀಕರಣ ಹಿಡಿತದಲ್ಲಿ ಇಟ್ಟುಕೊಳ್ಳುವುದು ಅದರ ಒಂದು ಭಾಗವಾದ ರಿಚಿ ಟೆನ್ಸರನ್ನು ಮಾತ್ರ. ಮೂರು ಆಯಾಮದಲ್ಲಿ ರೀಮಾನ್‌ಗೆ 6 ಘಟಕ, ರಿಚಿಗೂ 6. ಹಾಗಾಗಿ ಪದಾರ್ಥ ಇಲ್ಲದ ಕಡೆ ಸಮೀಕರಣ ಎಲ್ಲವನ್ನೂ ಗೊತ್ತುಮಾಡಿಬಿಡುತ್ತದೆ, ಅಲೆ ಏಳಲು ಜಾಗವೇ ಇಲ್ಲ. ನಾಲ್ಕು ಆಯಾಮದಲ್ಲಿ ರೀಮಾನ್‌ಗೆ 20, ರಿಚಿಗೆ 10. ಉಳಿದ 10 ಘಟಕಗಳು ವೈಲ್ ಟೆನ್ಸರ್. ಖಾಲಿ ಜಾಗದಲ್ಲಿ ಗುರುತ್ವದ ಅಲೆ ಸಾಗುವುದು ಅದರ ಬಲದಿಂದ. 2015ರಲ್ಲಿ ಗುರುತ್ವದ ಅಲೆಗಳ ಡಿಟೆಕ್ಟರ್ ಲೈಗೋ ಹಿಡಿದದ್ದು ಅದನ್ನೇ.

ಮೂರು ಆಯಾಮದಲ್ಲಿ ಅಲೆ ಇಲ್ಲದಿದ್ದರೆ ಉಳಿಯುವುದು ಏನು? ಜಾಗದ ಒಟ್ಟು ಆಕಾರ, ಎಷ್ಟು ರಂಧ್ರ ಇದೆ, ರಂಧ್ರದ ಸುತ್ತ ಹೋಗಿ ಬಂದರೆ ವೆಕ್ಟರ್ ಎಷ್ಟು ತಿರುಗುತ್ತದೆ. ಅಂದರೆ ಟೋಪೋಲಾಜಿ ಮತ್ತು ಲೂಪ್‌ಗಳು! 1986ರಲ್ಲಿ ಅಚುಕಾರೊ ಮತ್ತು ಟೌನ್‌ಸೆಂಡ್, 1988ರಲ್ಲಿ ವಿಟನ್, ಮೂರು ಆಯಾಮದ ಗುರುತ್ವವನ್ನು ಚೆರ್ನ್–ಸೈಮನ್ಸ್ ಥಿಯರಿಯಾಗಿಯೇ ಬರೆಯಬಹುದು ಅಂತ ತೋರಿಸಿದರು. ಗೇಜ್ ಗುಂಪು ಯಾವುದು ಅನ್ನುವುದನ್ನು ಕಾಸ್ಮೋಲಾಜಿಕಲ್ ಕಾನ್ಸ್ಟೆಂಟ್‌ನ (ಖಾಲಿ ಜಾಗಕ್ಕೂ ವಕ್ರತೆ ಕೊಡುವ, ಐನ್‌ಸ್ಟೈನ್ ಸಮೀಕರಣದ ಸ್ಥಿರಾಂಕ) ಚಿಹ್ನೆ ನಿರ್ಧರಿಸುತ್ತದೆ.

ಇದಕ್ಕಿಂತ ಹಳೆಯ ಎಳೆಯೊಂದಿದೆ, ಅದನ್ನು ಬಿಡಲು ಮನಸ್ಸಿಲ್ಲ. 1968ರಲ್ಲಿ ಪೊಂಜಾನೊ ಮತ್ತು ರೆಜ್ಜೆ, ಸ್ಪಿನ್ ಕೂಡಿಸುವಾಗ ಬರುವ 6ಜೆ ಸಂಕೇತವನ್ನು ನೋಡುತ್ತಿದ್ದರು. ಅದರಲ್ಲಿ ಆರು ಸ್ಪಿನ್ ಇವೆ, ಚತುರ್ಮುಖಿಗೆ ಆರು ಅಂಚುಗಳಿವೆ. ಸ್ಪಿನ್‌ಗಳನ್ನು ಅಂಚಿನ ಉದ್ದ ಅಂತ ಓದಿದರೆ, ಸ್ಪಿನ್ ದೊಡ್ಡದಾದಂತೆ ಆ ಸಂಕೇತ ಒಂದು ಕೊಸೈನ್ ಆಗುತ್ತದೆ, ಕೊಸೈನ್ ಒಳಗೆ ಇರುವುದು ಆ ಚತುರ್ಮುಖಿಯ ಗುರುತ್ವದ ಆಕ್ಷನ್. ಪರಮಾಣು ಭೌತಶಾಸ್ತ್ರದ ಲೆಕ್ಕದ ಒಳಗೆ ಐನ್‌ಸ್ಟೈನ್ ಕೂತಿದ್ದರು. ಜಾಗವನ್ನು ಚತುರ್ಮುಖಿಗಳಾಗಿ ಒಡೆದು ಎಲ್ಲ ಸ್ಪಿನ್‌ಗಳ ಮೇಲೆ ಕೂಡಿಸಿದರೆ ಕ್ವಾಂಟಮ್ ಗ್ರಾವಿಟಿ ಸಿಗಬೇಕು, ಆದರೆ ಆ ಮೊತ್ತ ಅನಂತಕ್ಕೆ ಹೋಗುತ್ತಿತ್ತು. 1992ರಲ್ಲಿ ತುರಾಯೆವ್ ಮತ್ತು ವಿರೊ, ಮಾಮೂಲಿ ಸ್ಪಿನ್ ಬದಲು ಕ್ವಾಂಟಮ್ ಗ್ರೂಪಿನ ಸ್ಪಿನ್ ಹಾಕಿದರು. ಅಲ್ಲಿ ಸ್ಪಿನ್ ಕೆ/2 ದಾಟುವಂತಿಲ್ಲ, ಹಾಗಾಗಿ ಮೊತ್ತಕ್ಕೆ ಮಿತಿ ಬಂತು. ಜಾಗವನ್ನು ಹೇಗೆ ಒಡೆದರೂ ಉತ್ತರ ಒಂದೇ. ಆ ಕೆ ಹಿಂದೆ ಇರುವುದು ಕಾಸ್ಮೋಲಾಜಿಕಲ್ ಕಾನ್ಸ್ಟೆಂಟ್. ಅಷ್ಟೇ ಅಲ್ಲ, ತುರಾಯೆವ್–ವಿರೊ ಉತ್ತರ ಅಂದರೆ ಎಳೆಗಾರ ಹೇಳಿದ ರೆಶೆತಿಖಿನ್–ತುರಾಯೆವ್ ಉತ್ತರದ ಪರಿಮಾಣದ ವರ್ಗ. ಟ್ರೆಫಾಯಿಲಿಗೆ ಬೆಲೆ ಕಟ್ಟುವ ಯಂತ್ರವೇ ಇಲ್ಲಿ ಒಂದು ಪುಟ್ಟ ವಿಶ್ವದ ಗುರುತ್ವಕ್ಕೂ ಬೆಲೆ ಕಟ್ಟುತ್ತಿದೆ.

ಹಾಗಂತ ಮೂರು ಆಯಾಮದಲ್ಲೂ ಎಲ್ಲ ಮುಗಿದಿಲ್ಲ. ಕಾಸ್ಮೋಲಾಜಿಕಲ್ ಕಾನ್ಸ್ಟೆಂಟ್ ಋಣವಾಗಿದ್ದರೆ ಅಲ್ಲೂ ಕಪ್ಪುಕುಳಿ ಇರುತ್ತದೆ ಅಂತ 1992ರಲ್ಲಿ ಬನ್ಯಾದೋಸ್, ಟೈಟೆಲ್‌ಬಾಯಿಮ್, ಸನೆಲ್ಲಿ ಕಂಡರು. ಅದರ ಎಂಟ್ರೊಪಿಯನ್ನು, ಅಂದರೆ ಒಳಗೆ ಎಷ್ಟು ಕ್ವಾಂಟಮ್ ಸ್ಥಿತಿ ಅಡಗಿವೆ ಅನ್ನುವುದನ್ನು, ಬರಿ ಚೆರ್ನ್–ಸೈಮನ್ಸ್ ಲೆಕ್ಕದಿಂದ ಎಣಿಸುವುದು ಸುಲಭವಿಲ್ಲ. ಗೇಜ್ ಥಿಯರಿಯಲ್ಲಿ ಮೆಟ್ರಿಕ್ ಸೊನ್ನೆಯಾದರೂ ನಡೆಯುತ್ತದೆ, ಗುರುತ್ವದಲ್ಲಿ ಅದಕ್ಕೆ ಅರ್ಥವಿಲ್ಲ. 2007ರಲ್ಲಿ ವಿಟನ್ ಅವರೇ ಈ ಎರಡೂ ಪೂರ್ತಿ ಒಂದೇ ಅಲ್ಲ ಅಂತ ವಾದಿಸಿದರು.

ಕಡಲದಾರಿ:

ಇಲ್ಲಿಯವರೆಗೂ ಎಲ್ಲ ಒಪ್ಪಿದೆ. ನನ್ನ ತಕರಾರು ಇದರ ಮುಂದಿನ ಹೆಜ್ಜೆಗೆ. ಜನಪ್ರಿಯ ಬರಹಗಳಲ್ಲಿ ಮೂರು ಆಯಾಮದ ಈ ಸುಂದರ ಫಲಿತಾಂಶ ತೋರಿಸಿ, ಮುಂದಿನ ಸಾಲಲ್ಲೇ ನಮ್ಮ ವಿಶ್ವ ಗಂಟುಗಳಿಂದ ನೇಯ್ದದ್ದು ಅಂತ ಬರೆದುಬಿಡುತ್ತಾರೆ. ನಡುವೆ ಆ 10 ಘಟಕಗಳ ಹಳ್ಳ ಇದೆ, ಅಲ್ವಾ? ಟೋಪೋಲಾಜಿಕಲ್ ಥಿಯರಿಯಲ್ಲಿ ಗುರುತ್ವದ ಅಲೆ ಇಲ್ಲ. ನಮ್ಮ ವಿಶ್ವದಲ್ಲಿ ಇದೆ, ಅಳೆದೂ ಆಗಿದೆ. ಹಾಗಿದ್ದ ಮೇಲೆ ಲೂಪ್ ಕ್ವಾಂಟಮ್ ಗ್ರಾವಿಟಿಯವರು (ಗುರುತ್ವವನ್ನು ಲೂಪ್‌ಗಳ ಮೂಲಕ ಕ್ವಾಂಟಮ್ ಮಾಡಲು ಹೊರಟವರು) ಗಂಟುಗಳೇ ಸ್ಥಿತಿಗಳು ಅಂದಾಗ ಅದರ ಅರ್ಥ ಏನು? ನನಗೆ ಈ ಕ್ಷೇತ್ರದ ಮೇಲೆ ಗೌರವ ಇದೆ, ಅದಕ್ಕೇ ಮಾತು ಅಳತೆ ಮೀರಬಾರದು ಅಂತ ಕೇಳುತ್ತಿದ್ದೇನೆ.

ಹೊಸಹಾದಿ:

ನಿಮ್ಮ ತಕರಾರು ನ್ಯಾಯವಾದದ್ದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

1986ರಲ್ಲಿ ಅಭಯ್ ಅಷ್ಟೇಕರ್ ಸಾಮಾನ್ಯ ಸಾಪೇಕ್ಷತೆಯನ್ನು ಹೊಸ ಚರಗಳಲ್ಲಿ ಬರೆದರು. ಮುಖ್ಯ ಪಾತ್ರ ಮೆಟ್ರಿಕ್‌ನಿಂದ ಒಂದು ಗೇಜ್ ಫೀಲ್ಡ್‌ಗೆ ಹೋಯಿತು. ಗೇಜ್ ಫೀಲ್ಡ್ ಬಂದ ಮೇಲೆ ವಿಲ್ಸನ್ ಲೂಪ್ ಬಂದೇ ಬರುತ್ತದೆ. 1988ರ ಹೊತ್ತಿಗೆ ರೊವೆಲ್ಲಿ ಮತ್ತು ಸ್ಮೋಲಿನ್ ಕ್ವಾಂಟಮ್ ಸ್ಥಿತಿಗಳನ್ನು ಲೂಪ್‌ಗಳ ಭಾಷೆಯಲ್ಲಿ ಬರೆದರು. ಗುರುತ್ವದಲ್ಲಿ ಜಾಗದ ಬಿಂದುಗಳಿಗೆ ಹೆಸರಿಲ್ಲ, ಇಡೀ ಜಾಗವನ್ನು ಎಳೆದು ಹಿಗ್ಗಿಸಿದರೂ ಸ್ಥಿತಿ ಬದಲಾಗಬಾರದು. ಆ ಷರತ್ತು ಹಾಕಿದರೆ ಲೂಪ್ ಎಲ್ಲಿದೆ ಅನ್ನುವುದು ಅಳಿಸಿಹೋಗಿ, ಅದು ಯಾವ ಗಂಟು ಅನ್ನುವುದಷ್ಟೇ ಉಳಿಯುತ್ತದೆ. ಗಂಟುಗಳೇ ಸ್ಥಿತಿಗಳು ಅನ್ನುವ ಮಾತು ಇಲ್ಲಿಂದ ಬಂತು, ಇಷ್ಟರ ಮಟ್ಟಿಗೆ ಅದು ಸರಿ. ಗಮನಿಸಿ, ಇದಕ್ಕೆ ಅಲೆ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಡ್ಡ ಬರುವುದಿಲ್ಲ.

ತೊಂದರೆ ಹ್ಯಾಮಿಲ್ಟೋನಿಯನ್ ಷರತ್ತಿನಲ್ಲಿದೆ. ತನ್ನನ್ನು ತಾನು ಎಲ್ಲೂ ಮುಟ್ಟದ ನುಣುಪಾದ ಲೂಪ್‌ಗಳು ಆ ಷರತ್ತನ್ನೂ ಪೂರೈಸುತ್ತವೆ ಅಂತ ಗೊತ್ತಾದಾಗ ದೊಡ್ಡ ಸಂಭ್ರಮವಾಯಿತು. ಆಮೇಲೆ ನೋಡಿದರೆ ಅಂಥ ಸ್ಥಿತಿಗಳಲ್ಲಿ ಜಾಗದ ಘನಗಾತ್ರವೇ ಸೊನ್ನೆ! ಗಾತ್ರ ಬರಬೇಕಾದರೆ ಎಳೆಗಳು ಒಂದೆಡೆ ಕೂಡಬೇಕು. ಹಾಗಾಗಿ ಬರಿ ಗಂಟು ಸಾಲದು, ಗಂಟು ಬಿದ್ದ ಜಾಲ ಬೇಕು. ಪೆನ್‌ರೋಸ್ ಎಷ್ಟೋ ಮೊದಲೇ ಕಲ್ಪಿಸಿದ್ದ ಸ್ಪಿನ್ ನೆಟ್‌ವರ್ಕ್‌ಗಳು, ಅಂದರೆ ಪ್ರತಿ ಎಳೆಗೂ ಒಂದು ಸ್ಪಿನ್ ಇರುವ ಜಾಲಗಳು, ಇಲ್ಲಿ ಒಳಗೆ ಬಂದವು. 1995ರಲ್ಲಿ ರೊವೆಲ್ಲಿ ಮತ್ತು ಸ್ಮೋಲಿನ್, ವಿಸ್ತೀರ್ಣ ಮತ್ತು ಗಾತ್ರ ಬಿಡಿ ಬಿಡಿ ಬೆಲೆಗಳನ್ನೇ ತೆಗೆದುಕೊಳ್ಳುತ್ತವೆ ಅಂತ ಲೆಕ್ಕ ಹಾಕಿದರು. ಮೇಲ್ಮೈಯನ್ನು ಸ್ಪಿನ್ ಜೆ ಇರುವ ಎಳೆ ಒಂದು ಸಲ ಚುಚ್ಚಿದರೆ ಅದಕ್ಕೆ ಸಿಗುವ ವಿಸ್ತೀರ್ಣ 8πγ × √(ಜೆ(ಜೆ+1)) × ಪ್ಲಾಂಕ್ ಉದ್ದದ ವರ್ಗ. ಪ್ಲಾಂಕ್ ಉದ್ದ ಸುಮಾರು 1.6 × 10⁻³⁵ ಮೀಟರ್. γ ಒಂದು ಸಂಖ್ಯೆ, ಅದರ ಬೆಲೆಯನ್ನು ಈ ಥಿಯರಿ ತಾನಾಗಿ ಹೇಳುವುದಿಲ್ಲ.

ಜೋನ್ಸ್ ನೇರವಾಗಿ ನಾಲ್ಕು ಆಯಾಮದ ಗುರುತ್ವಕ್ಕೆ ಕಾಲಿಟ್ಟ ಜಾಗವೂ ಒಂದಿದೆ. ಕಾಸ್ಮೋಲಾಜಿಕಲ್ ಕಾನ್ಸ್ಟೆಂಟ್ ಇದ್ದಾಗ, ಚೆರ್ನ್–ಸೈಮನ್ಸ್ ಆಕ್ಷನ್‌ನ ಘಾತವನ್ನು ಸ್ಥಿತಿಯಾಗಿ ತೆಗೆದುಕೊಂಡರೆ ಅಷ್ಟೇಕರ್ ಚರಗಳಲ್ಲಿ ಎಲ್ಲ ಷರತ್ತೂ ಔಪಚಾರಿಕವಾಗಿ ಪೂರೈಸುತ್ತವೆ. ಇದು ಕೊಡಾಮಾ ಸ್ಥಿತಿ. ಅದನ್ನು ಲೂಪ್ ಭಾಷೆಗೆ ತಂದರೆ ಜೋನ್ಸ್ ಕುಟುಂಬದ ಬಹುಪದೋಕ್ತಿಯೇ ಸಿಗುತ್ತದೆ. 1992ರಲ್ಲಿ ಬ್ರುಗ್ಮಾನ್, ಗ್ಯಾಂಬಿನಿ, ಪುಲಿನ್ ಇದನ್ನು ಎಳೆಗಳು ಕೂಡುವ ಗಂಟುಗಳಿಗೂ ವಿಸ್ತರಿಸಿದರು. ನಿಜ ಹೇಳಬೇಕಂದ್ರೆ ಇಷ್ಟು ಚಂದದ ಉತ್ತರ ಸುಳ್ಳಾಗಬಾರದು ಅಂತ ನನಗೂ ಅನ್ನಿಸುತ್ತಿತ್ತು. ಆದರೆ 2003ರಲ್ಲಿ ವಿಟನ್, ಕಣಗಳ ನಡುವಿನ ಬಲಗಳನ್ನು ವಿವರಿಸುವ ಯಾಂಗ್–ಮಿಲ್ಸ್ ಥಿಯರಿಯಲ್ಲೂ ಇಂಥದೇ ಸ್ಥಿತಿ ಬರೆಯಬಹುದು, ಅಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ ಅಂತ ತೋರಿಸಿದರು. ಅದರ ಒಟ್ಟು ಸಂಭವನೀಯತೆಯನ್ನು 1 ಮಾಡಲು ಆಗುವುದಿಲ್ಲ, ಕೆಲವು ಕಂಪನಗಳ ಶಕ್ತಿ ಋಣವಾಗುತ್ತದೆ. ಗುರುತ್ವದಲ್ಲೂ ಅದೇ ಅನುಮಾನ ಬಲವಾಗಿದೆ. ಅದನ್ನು ಸರಿಪಡಿಸಲು ಪ್ರಯತ್ನ ನಡೆದಿದೆ. ನಾನಂತೂ ಅದನ್ನು ನಮ್ಮ ವಿಶ್ವದ ಸ್ಥಿತಿ ಅಂತ ಯಾರಿಗೂ ಹೇಳುವುದಿಲ್ಲ.

ಹಳ್ಳ ದಾಟಲು ಸ್ಪಿನ್ ಫೋಮ್ (ಸ್ಪಿನ್ ನೆಟ್‌ವರ್ಕ್ ಕಾಲದಲ್ಲಿ ಸಾಗಿದ ಹಾದಿ) ದಾರಿ ಇದೆ. ನಾಲ್ಕು ಆಯಾಮದಲ್ಲಿ ಬಿಎಫ್ ಥಿಯರಿ ಅಂತ ಒಂದು ಟೋಪೋಲಾಜಿಕಲ್ ಥಿಯರಿ ಇದೆ. ಅದರಲ್ಲಿ ಅಲೆ ಇಲ್ಲ. ಅದರ ಬಿ ಫೀಲ್ಡ್ ಮೇಲೆ ಕೆಲವು ಷರತ್ತು ಹಾಕಿದರೆ ಅದು ಐನ್‌ಸ್ಟೈನ್ ಗುರುತ್ವವಾಗುತ್ತದೆ. ಷರತ್ತು ಹಾಕಿದರೆ ಸ್ವಾತಂತ್ರ್ಯ ಕಡಿಮೆಯಾಗಬೇಕು, ಆದರೆ ಇಲ್ಲಿ ಉಲ್ಟಾ. ಅಲೆಗಳನ್ನು ಅಳಿಸಿಹಾಕುತ್ತಿದ್ದ ದೊಡ್ಡ ಸಿಮ್ಮೆಟ್ರಿಯೇ ಮುರಿದುಬಿದ್ದು ಅಲೆಗಳು ಜೀವ ಪಡೆಯುತ್ತವೆ. ಆ ಷರತ್ತುಗಳನ್ನು ಕ್ವಾಂಟಮ್ ಮಟ್ಟದಲ್ಲಿ ಸರಿಯಾಗಿ ಹಾಕುವುದು ಹೇಗೆ ಅನ್ನೋದೇ 1998ರ ಬ್ಯಾರೆಟ್–ಕ್ರೇನ್ ಮಾದರಿಯಿಂದ ಹಿಡಿದು ಇವತ್ತಿನವರೆಗಿನ ಕೆಲಸ. ಟೋಪೋಲಾಜಿಕಲ್ ಯಂತ್ರ ಜೊತೆಗೆ ಬರುತ್ತದೆ. ಜಾಗವನ್ನು ಹೇಗೆ ಒಡೆದರೂ ಉತ್ತರ ಒಂದೇ ಅನ್ನುವ ವರ ಮಾತ್ರ ಬರುವುದಿಲ್ಲ.

ಮಳೆಬಿಲ್ಲು:

ಒಂದು ಮೂಲ ಪ್ರಶ್ನೆ. ನಾಲ್ಕು ಆಯಾಮದಲ್ಲಿ ಎಳೆಯ ಗಂಟೆಲ್ಲ ಬಿಚ್ಚಿಹೋಗುತ್ತದೆ, ಇನ್ನೊಂದು ದಿಕ್ಕಿಗೆ ಸ್ವಲ್ಪ ಸರಿಸಿ ದಾಟಿಸಿಬಿಡಬಹುದು. ಹಾಗಿದ್ದರೆ ಕಾಲ-ದೇಶದಲ್ಲಿ ಗಂಟು ಎಲ್ಲಿಂದ?

ಎಳೆಗಾರ:

ಲೂಪ್‌ನವರು ಹೇಳುವ ಗಂಟು ಇರುವುದು ಒಂದು ಕ್ಷಣದ ಜಾಗದಲ್ಲಿ, ಅದಕ್ಕೆ ಮೂರೇ ಆಯಾಮ. ಕಾಲ ಸೇರಿಸಿದಾಗ ಎಳೆ ಸಾಗಿದ ಹಾದಿ ಒಂದು ಮೇಲ್ಮೈ ಆಗುತ್ತದೆ. ಸ್ಪಿನ್ ಫೋಮ್ ಅಂದರೆ ಅಂಥ ಮೇಲ್ಮೈಗಳ ಜಾಲ. ಮೇಲ್ಮೈಗಳಿಗೆ ನಾಲ್ಕು ಆಯಾಮದಲ್ಲಿ ಗಂಟು ಬೀಳಲು ಆಗುತ್ತದೆ.

ನೀಲಿಹಕ್ಕಿ:

ಈಗ ನಕ್ಷೆ ಸ್ಪಷ್ಟವಾಗುತ್ತಿದೆ. ಕೊನೆಯ ಪ್ರಶ್ನೆ. ಇದರಲ್ಲಿ ಯಾವುದನ್ನಾದರೂ ಲ್ಯಾಬಿನಲ್ಲಿ ಕಂಡಿದ್ದಾರಾ? ಎಲ್ಲ 10⁻³⁵ ಮೀಟರ್ ಅಂದ್ರೆ ಸ್ವಲ್ಪ ಭಯವಾಗುತ್ತದೆ.

ಕಡಲದಾರಿ:

ಗುರುತ್ವದ ಭಾಗವನ್ನು ಇಲ್ಲ. ಚೆರ್ನ್–ಸೈಮನ್ಸ್ ಭಾಗವನ್ನು ಹೌದು, ಅದೂ ಮೇಜಿನ ಮೇಲೆ ಇಡುವ ಸಾಧನದಲ್ಲಿ. ಭಿನ್ನಾಂಕ ಕ್ವಾಂಟಮ್ ಹಾಲ್ ಪರಿಣಾಮದಲ್ಲಿ ಎಲೆಕ್ಟ್ರಾನ್‌ಗಳು ಚಪ್ಪಟೆ ಪದರದಲ್ಲಿ ಸಿಕ್ಕಿಕೊಂಡು, ತುಂಬ ತಂಪಿನಲ್ಲಿ, ದೊಡ್ಡ ಅಯಸ್ಕಾಂತ ಕ್ಷೇತ್ರದಲ್ಲಿ ಇರುತ್ತವೆ. ಅಲ್ಲಿನ ಎನಿಯಾನ್‌ಗಳು (ಎಲೆಕ್ಟ್ರಾನ್‌ಗಳ ಗುಂಪು ಸೇರಿ ಕಣದಂತೆ ವರ್ತಿಸುವ ರೂಪಗಳು) ಒಂದರ ಸುತ್ತ ಒಂದು ಹೋದರೆ ಕಾಲ-ದೇಶದಲ್ಲಿ ಅವುಗಳ ಹಾದಿ ಜಡೆಯ ಹಾಗೆ ಹೆಣೆದುಕೊಳ್ಳುತ್ತದೆ. ಎರಡು ಆಯಾಮದ ಪದರ, ಜೊತೆಗೆ ಕಾಲ, ಒಟ್ಟು ಮೂರು. ವಿಟನ್ ಲೆಕ್ಕಕ್ಕೆ ಬೇಕಾದ ಆಯಾಮವೇ ಅದು! 2020ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ಹಾಲ್ ಭಿನ್ನಾಂಕ 1/3 ಇರುವ ಸ್ಥಿತಿಯಲ್ಲಿ ಈ ಹೆಣಿಗೆಯಿಂದ ಬರುವ 2π/3 ಫೇಸನ್ನು ನೇರವಾಗಿ ಅಳೆಯಿತು. ಇದು ಸರಳ ಬಗೆಯ ಎನಿಯಾನ್. ಜೋನ್ಸ್ ಬಹುಪದೋಕ್ತಿ ಬೇಕಾಗುವುದು ಹೆಣೆದಾಗ ಫೇಸ್ ಬದಲು ಮ್ಯಾಟ್ರಿಕ್ಸ್ ಬರುವ ಬಗೆಗೆ.

ಮಳೆಬಿಲ್ಲು:

ಇದಕ್ಕೆ ಕಂಪ್ಯೂಟರಿನ ಕಡೆಯಿಂದ ಒಂದು ಮಾತು. ನಾನು ಮೇಲೆ ಮಾಡಿದ ಲೆಕ್ಕ ಮೂರು ಕ್ರಾಸಿಂಗ್‌ಗೆ ಸುಲಭ. ಕ್ರಾಸಿಂಗ್ ಹೆಚ್ಚಿದಂತೆ ಕವಲುಗಳು ದುಪ್ಪಟ್ಟಾಗುತ್ತಾ ಹೋಗುತ್ತವೆ. ಕರಾರುವಾಕ್ಕಾದ ಉತ್ತರ ತೆಗೆಯುವುದು, ಟಿಯ ಕೆಲವು ವಿಶೇಷ ಬೆಲೆಗಳನ್ನು ಬಿಟ್ಟರೆ, ಎಣಿಕೆಯ ಸಮಸ್ಯೆಗಳಲ್ಲೇ ಅತಿ ಕಠಿಣವಾದ ಗುಂಪಿಗೆ ಸೇರಿದ್ದು. ಆದರೆ ಯೂನಿಟ್ ವೃತ್ತದ ಮೇಲಿನ ಆ ಬೆಲೆಗಳಲ್ಲಿ ಅಂದಾಜು ಉತ್ತರವನ್ನು ಕ್ವಾಂಟಮ್ ಕಂಪ್ಯೂಟರ್ ಬೇಗ ತೆಗೆಯುತ್ತದೆ. ಅಹರೊನೊವ್, ಜೋನ್ಸ್, ಲ್ಯಾಂಡೌ 2006ರಲ್ಲಿ ಅದಕ್ಕೆ ನೇರವಾದ ವಿಧಾನ ಕೊಟ್ಟರು.

ಕಡಲದಾರಿ:

@ಹೊಸಹಾದಿ, ಕಪ್ಪುಕುಳಿ ವಿಷಯ ಬಿಟ್ಟಿರಿ. ಲೂಪ್ ಲೆಕ್ಕದಲ್ಲಿ ಕಪ್ಪುಕುಳಿಯ ಅಂಚಿನ ಮೇಲೆ ಇರುವುದೂ ಚೆರ್ನ್–ಸೈಮನ್ಸ್ ಥಿಯರಿಯೇ, ಸ್ಪಿನ್ ಎಳೆಗಳು ಅದನ್ನು ಚುಚ್ಚುತ್ತವೆ, ಕೆ ಅನ್ನೋದು ಅಂಚಿನ ವಿಸ್ತೀರ್ಣಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಅಷ್ಟೇಕರ್, ಬಯೆಜ್, ಕೊರಿಚಿ, ಕ್ರಾಸ್ನೋವ್ 1998ರಲ್ಲಿ ಹೀಗೆ ಎಣಿಸಿದಾಗ ಎಂಟ್ರೊಪಿ ವಿಸ್ತೀರ್ಣಕ್ಕೆ ಅನುಪಾತದಲ್ಲಿ ಬಂತು. ಹಾಕಿಂಗ್ ಹೇಳಿದ ಹಾಗೆ ವಿಸ್ತೀರ್ಣದ ಕಾಲು ಭಾಗ ಬರಬೇಕಾದರೆ ಮಾತ್ರ ಆ γ ಬೆಲೆಯನ್ನು ಹೊಂದಿಸಬೇಕು. ಅನುಪಾತ ತಾನಾಗಿ ಬಂದದ್ದು ನನಗೆ ದೊಡ್ಡ ವಿಷಯ. γ ಹೊಂದಿಸಿದ್ದು ಇನ್ನೂ ಕೊರೆಯುತ್ತಿದೆ.

ಹೊಸಹಾದಿ:

ಒಪ್ಪಿದೆ. ಆ ಕೊರೆತ ಈ ಕ್ಷೇತ್ರದಲ್ಲಿ ಇರುವವರಿಗೂ ಇದೆ.

ಎಳೆಗಾರ:

ನನ್ನದೊಂದು ಕಡೆಯ ಸೇರ್ಪಡೆ. ಗಂಟುಗಳು ಗುರುತ್ವಕ್ಕೆ ಏನು ಕೊಟ್ಟವು ಅಂತ ಇಷ್ಟು ಹೊತ್ತು ಮಾತಾಡಿದೆವು. ಗುರುತ್ವದ ಹುಡುಕಾಟ ಗಂಟುಗಳಿಗೆ ಕೊಟ್ಟದ್ದೂ ಕಡಿಮೆ ಏನಲ್ಲ.

ಮೂರು ಆಯಾಮದ ಟೋಪೋಲಾಜಿಕಲ್ ಥಿಯರಿಯಿಂದ ನಾಲ್ಕಕ್ಕೆ ಏರುವುದು ಹೇಗೆ ಅಂತ 1994ರಲ್ಲಿ ಲೂಯಿಸ್ ಕ್ರೇನ್ ಮತ್ತು ಇಗೊರ್ ಫ್ರೆಂಕೆಲ್ ಒಂದು ಯೋಜನೆ ಮುಂದಿಟ್ಟರು. ಅದೇ ಬ್ಯಾರೆಟ್–ಕ್ರೇನ್ ಮಾದರಿಯ ಕ್ರೇನ್. ಯೋಜನೆ ಏನಂದ್ರೆ, ಸಂಖ್ಯೆ ಇರುವ ಕಡೆ ವೆಕ್ಟರ್ ಸ್ಪೇಸ್ ಇಡಬೇಕು, ಆ ಸ್ಪೇಸಿನ ಆಯಾಮ ತೆಗೆದರೆ ಹಳೆಯ ಸಂಖ್ಯೆ ವಾಪಸ್ ಬರಬೇಕು. ಫ್ರೆಂಕೆಲ್ ಅವರ ವಿದ್ಯಾರ್ಥಿ ಮಿಖಾಯಿಲ್ ಖೊವಾನೊವ್ ಸುಮಾರು 2000ದಲ್ಲಿ ಜೋನ್ಸ್ ಬಹುಪದೋಕ್ತಿಗೇ ಇದನ್ನು ಮಾಡಿದರು. ಟಿ + ಟಿ³ − ಟಿ⁴ ಇದರಲ್ಲಿ ಇರುವ ಆ ಧನ, ಋಣ ಗುಣಕಗಳ ಹಿಂದೆ ವೆಕ್ಟರ್ ಸ್ಪೇಸ್‌ಗಳ ಒಂದು ಸರಣಿ ಇದೆ, ಬಹುಪದೋಕ್ತಿ ಅದರ ನೆರಳಷ್ಟೇ. ಜೋನ್ಸ್ ಬಹುಪದೋಕ್ತಿ 1 ಬಂದರೆ ಅದು ಖಂಡಿತ ಸಾದಾ ಉಂಗುರವೇ ಅನ್ನುವ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಖೊವಾನೊವ್ ಸರಣಿಗೆ ಆ ಶಕ್ತಿ ಇದೆ ಅಂತ 2011ರಲ್ಲಿ ಕ್ರೊನ್‌ಹೈಮರ್ ಮತ್ತು ಮ್ರೊವ್ಕಾ ಸಾಧಿಸಿದರು, ಅದೂ ಗೇಜ್ ಥಿಯರಿ ಬಳಸಿ.

ಇದು ನಾಲ್ಕನೇ ಆಯಾಮವನ್ನು ನಿಜವಾಗಿ ಮುಟ್ಟುತ್ತದೆಯಾ? ಹೌದು, ಗಂಟಿನ ಮೇಲೆಯೇ ಅದನ್ನು ನೋಡಬಹುದು. ಗಂಟನ್ನು ನಾಲ್ಕು ಆಯಾಮದ ಚೆಂಡಿನ ಅಂಚಿನ ಮೇಲಿಟ್ಟು, ಚೆಂಡಿನ ಒಳಗೆ ಅದಕ್ಕೆ ನುಣುಪಾದ ಒಂದು ಬಿಲ್ಲೆಯನ್ನು ಅಂಟಿಸಲು ಬಂದರೆ ಅದು ಸ್ಲೈಸ್ ಗಂಟು. 11 ಕ್ರಾಸಿಂಗ್‌ನ ಕಾನ್ವೆ ಗಂಟು ಸ್ಲೈಸ್ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ದಶಕಗಳ ಕಾಲ ಬಗೆಹರಿದಿರಲಿಲ್ಲ. ಅದರ ಅಲೆಕ್ಸಾಂಡರ್ ಬಹುಪದೋಕ್ತಿ 1, ಹಾಗಾಗಿ ಫ್ರೀಡ್‌ಮನ್ ಪ್ರಮೇಯದ ಪ್ರಕಾರ ನುಣುಪು ಬೇಡ ಅಂದರೆ ಬಿಲ್ಲೆ ಸಿಗುತ್ತದೆ. ನುಣುಪು ಬೇಕು ಅಂದರೆ ಸಿಗುವುದಿಲ್ಲ ಅಂತ ಲಿಸಾ ಪಿಚಿರಿಲ್ಲೊ ಸಾಧಿಸಿದರು, 2020ರಲ್ಲಿ ಅದು ಪ್ರಕಟವಾಯಿತು. ಅವರು ಬಳಸಿದ ಆಯುಧ ಖೊವಾನೊವ್ ಸರಣಿಯಿಂದ ರಾಸ್ಮುಸೆನ್ ತೆಗೆದ ಒಂದು ಪೂರ್ಣಾಂಕ. ನುಣುಪಿಗೂ ನುಣುಪಿಲ್ಲದ್ದಕ್ಕೂ ಇಂಥ ವಿಚಿತ್ರ ವ್ಯತ್ಯಾಸ ತುಂಬಿಕೊಂಡಿರುವುದು ನಾಲ್ಕು ಆಯಾಮದಲ್ಲಿ, ಐನ್‌ಸ್ಟೈನ್ ಸಮೀಕರಣ ನಡೆಯುವುದೂ ಅಲ್ಲೇ.

@ನೀಲಿಹಕ್ಕಿ, ಮುಂದೆ ಓದುವುದಾದರೆ ಕಾಫ್‌ಮನ್ ಬ್ರಾಕೆಟ್‌ನಿಂದ (ಜೋನ್ಸ್ ಬಹುಪದೋಕ್ತಿ ಕಟ್ಟುವ ಇನ್ನೊಂದು ದಾರಿ) ಶುರುಮಾಡಿ, ಅದಕ್ಕೆ ದಿಕ್ಕು ಬೇಡ, ಲೆಕ್ಕ ಇನ್ನೂ ಸುಲಭ. ಎಂಟರ ಆಕಾರದ ಗಂಟಿಗೆ ನೀವೇ ಲೆಕ್ಕ ಹಾಕಿ ಇಲ್ಲಿ ಬರೆಯಿರಿ. ಟಿ ಇರುವ ಕಡೆ 1/ಟಿ ಹಾಕಿದರೂ ಉತ್ತರ ಬದಲಾಗಬಾರದು, ಯಾಕಂದ್ರೆ ಆ ಗಂಟು ಮತ್ತು ಅದರ ಕನ್ನಡಿ ಬಿಂಬ ಒಂದೇ.

ನೀಲಿಹಕ್ಕಿ:

ಸ್ಕೀನ್ ನಿಯಮದಲ್ಲೇ ಮಾಡಿದೆ. ಟಿ² − ಟಿ + 1 − 1/ಟಿ + 1/ಟಿ² ಬಂತು. ಎರಡೂ ಕಡೆಯಿಂದ ಓದಿದರೂ ಒಂದೇ. ಬ್ರಾಕೆಟ್ ಇವತ್ತು ರಾತ್ರಿ ಶುರುಮಾಡುತ್ತೇನೆ.